ಕಾಳು ಯಾವುದು, ಜೊಳ್ಳು ಯಾವುದು: ಮಾಹಿತಿ ಪುಸ್ತಕವನ್ನು ಪರೀಕ್ಷಿಸುವ ಕ್ರಮ

ಕಾದಂಬರಿ ಕೆಟ್ಟದಾಗಿದ್ದರೆ ಓದುಗನ ಎರಡು ಸಂಜೆ ಹಾಳಾಗುತ್ತವೆ. ಕೃಷಿ ಪುಸ್ತಕ ಕೆಟ್ಟದಾಗಿದ್ದರೆ ಒಂದು ಬೆಳೆ ಹೋಗುತ್ತದೆ. ಆರೋಗ್ಯದ ಪುಸ್ತಕ ನಂಬಿ ಮಾತ್ರೆ ಬಿಟ್ಟವರ ಜೀವಕ್ಕೇ ಕುತ್ತು ಬರಬಹುದು. ಊರಿನ ಇತಿಹಾಸದ ಪುಸ್ತಕದಲ್ಲಿ ತಪ್ಪಿದ್ದರೆ ಅದು ಶಾಲೆಯ ಭಾಷಣಕ್ಕೆ, ಅಲ್ಲಿಂದ ಸ್ಮರಣ ಸಂಚಿಕೆಗೆ, ಅಲ್ಲಿಂದ ಇನ್ನೊಂದು ಪುಸ್ತಕಕ್ಕೆ ಹೋಗಿ, ಇಪ್ಪತ್ತು ವರ್ಷದಲ್ಲಿ ನಿಜವೇ ಆಗಿಬಿಡುತ್ತದೆ. ಆದ್ದರಿಂದ ಕಥೆ, ಕವಿತೆ, ನಾಟಕ ಅಲ್ಲದ ಪುಸ್ತಕವನ್ನು ಕೊಳ್ಳುವಾಗ, ಅದರಲ್ಲೂ ಶಾಲೆಗೋ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೋ ಆರಿಸುವಾಗ, ಒಂದು ಕ್ರಮ ಬೇಕು. ದಾವಣಗೆರೆ, ಚಿತ್ರದುರ್ಗದ ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿನ ಉದಾಹರಣೆಗಳಿಂದಲೇ ಆ ಕ್ರಮವನ್ನು ಇಲ್ಲಿ ವಿವರಿಸಿದೆ.

ಭಾಷೆ ಸಪ್ಪೆಯಾಗಿದೆ, ಅಚ್ಚು ಮಸುಕಾಗಿದೆ, ಚಿತ್ರ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಯಾವ ಮಾಹಿತಿ ಪುಸ್ತಕವನ್ನೂ ತಳ್ಳಿಹಾಕಬೇಡಿ. ಒಣ ಭಾಷೆಯಲ್ಲಿ ಬರೆದ ಎಷ್ಟೋ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ), ಶಾಸನ ಸಂಪುಟಗಳು ಬಂಗಾರದಂಥವು. ತೀರಾ ಕೆಟ್ಟ ಪುಸ್ತಕದ ಗುರುತು ಬೇರೆ: ತಾನು ಹೇಳುವುದು ತನಗೆ ಹೇಗೆ ಗೊತ್ತಾಯಿತು ಎಂಬುದನ್ನು ಅದು ಮುಚ್ಚಿಡುತ್ತದೆ. ಪರೀಕ್ಷಿಸಿ ನೋಡಲು ಓದುಗನಿಗೆ ದಾರಿಯನ್ನೇ ಬಿಡುವುದಿಲ್ಲ. ಮುಂದೆ ಬರುವ ಪರೀಕ್ಷೆಗಳೆಲ್ಲ ಆ ದಾರಿ ಇದೆಯೋ ಇಲ್ಲವೋ ಎಂದು ತಡಕಿ ನೋಡುವ ಉಪಾಯಗಳು.

ಬೇಕಾದದ್ದು ಒಂದು ಪೆನ್ಸಿಲ್, ಅಂಗೈ ಅಗಲದ ಏಳೆಂಟು ಚೀಟಿ, ಒಂದು ಫೋನು, 40 ನಿಮಿಷ. ಅಂಗಡಿಯಲ್ಲಿ ನಿಂತಿದ್ದರೆ ಮೊದಲ ಎರಡು ಹಂತ ಸಾಕು. ಅವಕ್ಕೆ ಹತ್ತು ನಿಮಿಷದ ಮೇಲೆ ಹಿಡಿಯುವುದಿಲ್ಲ.

1. ಶೀರ್ಷಿಕೆ ಪುಟದ ಹಿಂಬದಿ

ಬೆನ್ನುಡಿಯನ್ನು ಓದಬೇಡಿ, ಅದು ಮಾರಾಟದ ಮಾತು. ಮುನ್ನುಡಿಯನ್ನೂ ಆಮೇಲೆ ಓದಿ. ಮೊದಲು ಶೀರ್ಷಿಕೆ ಪುಟ ಮಗುಚಿ ಮುದ್ರಣ ವಿವರ ನೋಡಿ. ಪ್ರಕಾಶಕರ ಹೆಸರು ಮತ್ತು ವಿಳಾಸ, ಮೊದಲ ಮುದ್ರಣದ ವರ್ಷ, ಈಗಿನ ಮುದ್ರಣದ ವರ್ಷ, ಪ್ರತಿಗಳು ಎಷ್ಟು, ಡೆಮಿ 1/8 ಆಕಾರವೋ ಕ್ರೌನ್ 1/8 ಆಕಾರವೋ, ಯಾವ ಕಾಗದ, ಎಷ್ಟು ಪುಟ ಎಂಬುದೆಲ್ಲ ಅಲ್ಲಿರುತ್ತದೆ. ಅನುವಾದವಾಗಿದ್ದರೆ ಮೂಲದ ಹೆಸರು, ಮೂಲ ಲೇಖಕರ ಹೆಸರು, ಮೂಲದ ವರ್ಷ ಮೂರೂ ಇರಬೇಕು. ಇವು ಇಲ್ಲದ ಅನುವಾದವನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಹಾಗೆಯೇ ಕೆಳಗಿಡಬಹುದು.

ವರ್ಷ ಬಹಳ ಮುಖ್ಯ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಹರಿಹರ, ಜಗಳೂರು ಎಲ್ಲ ಚಿತ್ರದುರ್ಗ ಜಿಲ್ಲೆಯವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. 1970ರ ಪುಸ್ತಕವೊಂದು ‘ಚಿತ್ರದುರ್ಗ ಜಿಲ್ಲೆಯ ಹರಿಹರ’ ಎಂದಿದ್ದರೆ ಅದು ಸರಿಯಾಗಿಯೇ ಇದೆ. ಈಚೆಗೆ ಮುದ್ರಣವಾಗಿ, ಮೇಲೆ ‘ಪರಿಷ್ಕೃತ ಆವೃತ್ತಿ’ ಎಂದು ಅಚ್ಚಾಗಿರುವ ಪುಸ್ತಕ ಹರಪನಹಳ್ಳಿಯನ್ನು ಇನ್ನೂ ದಾವಣಗೆರೆಯಲ್ಲಿಟ್ಟಿದ್ದರೆ ಪರಿಷ್ಕರಣೆ ನಡೆದಿಲ್ಲ, ಹೊದಿಕೆ ಮಾತ್ರ ಬದಲಾಗಿದೆ. ಹಳೆಯದೆಂಬ ಕಾರಣಕ್ಕೆ ಪುಸ್ತಕ ಕೆಡುವುದಿಲ್ಲ. ಹಳೆಯದನ್ನು ಹೊಸದೆಂದು ಮಾರಿದಾಗ ಕೆಡುತ್ತದೆ.

ಐಎಸ್‌ಬಿಎನ್, ಅಂದರೆ ಪುಸ್ತಕಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಕಂಡು ಮರುಳಾಗುವುದು ಬೇಡ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ. 978-81 ಅಥವಾ 978-93 ಎಂದು ಶುರುವಾಗುವ ಸಂಖ್ಯೆ ಪುಸ್ತಕ ಎಲ್ಲಿ ನೋಂದಣಿಯಾಯಿತು ಎಂದು ಹೇಳುತ್ತದೆಯೇ ಹೊರತು ಒಳಗಿರುವುದನ್ನು ಯಾರಾದರೂ ಓದಿ ತಿದ್ದಿದ್ದಾರೆಂದು ಹೇಳುವುದಿಲ್ಲ.

2. ನಿಮಗೆ ಗೊತ್ತಿರುವ ಮೂರು ಸಂಗತಿ

ಎಲ್ಲಕ್ಕಿಂತ ಬಲವಾದ ಪರೀಕ್ಷೆ ಇದು. ಪುಸ್ತಕ ತೆರೆಯುವ ಮೊದಲೇ, ಆ ವಿಷಯದಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ತೆರೆದ ಮೇಲೆ ಬರೆದರೆ ಪುಸ್ತಕವೇ ನಿಮ್ಮ ನೆನಪನ್ನು ತನ್ನ ಕಡೆ ವಾಲಿಸಿಕೊಳ್ಳುತ್ತದೆ. ಅಡಿಕೆ ಬೆಳೆಯುವವರು ತಮ್ಮ ತೋಟದ ಸಂಗತಿ ಬರೆಯಲಿ, ದಾದಿಯರು ಔಷಧದ ಸಂಗತಿ, ಮೇಷ್ಟ್ರು ಪಾಠದ ಸಂಗತಿ. ಆಮೇಲೆ ಆ ಮೂರು ಜಾಗ ಹುಡುಕಿ ಓದಿ. ಗೊತ್ತಿರುವ ಕಡೆಯೇ ಎಡವಿದ ಪುಸ್ತಕವನ್ನು ಗೊತ್ತಿಲ್ಲದ ಕಡೆ ನಂಬುವುದು ಹೇಗೆ?

ನಮ್ಮ ಎರಡು ಜಿಲ್ಲೆಗಳ ಇತಿಹಾಸ, ಪ್ರವಾಸದ ಪುಸ್ತಕಗಳನ್ನು ಪರೀಕ್ಷಿಸಲು ಕೆಲವು ಒರೆಗಲ್ಲುಗಳಿವೆ.

ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ‘ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದ ಅಣೆಕಟ್ಟು’ ಎಂದು ಬರೆದಿದ್ದರೆ ಅಲ್ಲೇ ಪೆನ್ಸಿಲ್ ಗುರುತು ಹಾಕಿ. ವೇದಾವತಿಗೆ ಅಡ್ಡಲಾಗಿ ಕೆಲಸ ಶುರುವಾದದ್ದು 1898ರ ಸುಮಾರಿಗೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಮುಗಿದದ್ದು 1907ರ ಹೊತ್ತಿಗೆ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದೇ 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದರೆ ತಪ್ಪು ತಾನಾಗಿ ಕಾಣುತ್ತದೆ. ಇದು ಅಚ್ಚಿನ ತಪ್ಪಲ್ಲ. ನಾಡಿನ ಎಲ್ಲ ಕಟ್ಟೆಗಳನ್ನೂ ಒಬ್ಬರ ಹೆಸರಿಗೆ ಬರೆಯುವ ಅಭ್ಯಾಸದಿಂದ, ನೋಡದೆ ಬರೆದದ್ದು. ಅದೇ ಅಧ್ಯಾಯದಲ್ಲಿ 130 ಅಡಿ ಮಟ್ಟ ತುಂಬಿ ಕೋಡಿ ಬಿದ್ದದ್ದು ಮೊದಲ ಸಲ 1933ರಲ್ಲಿ, ಎರಡನೆಯ ಸಲ 2022ರಲ್ಲಿ ಎಂಬುದು ಸರಿಯಾಗಿದೆಯೇ ನೋಡಿ.

ಹರಿಹರೇಶ್ವರ ದೇವಸ್ಥಾನವನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ, ಕಾಲ 1224ರ ಸುಮಾರು. ಹೊಯ್ಸಳ ಎಂದ ಕೂಡಲೇ ವಿಷ್ಣುವರ್ಧನನ ಹೆಸರು ಬರೆಯುವ ಪುಸ್ತಕ ಸುಮಾರು ನೂರು ವರ್ಷ ತಪ್ಪಿದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರು ಶಾಸನತಜ್ಞ ಬಿ. ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡ ‘ಲಿಪಿಕಾರ’ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಖರೋಷ್ಠಿ ಎಂಬ ಬೇರೆ ಲಿಪಿಯಲ್ಲಿ ಕೆತ್ತಿದ್ದಾನೆ. ‘ಅಶೋಕನ ಕನ್ನಡ ಶಾಸನ’ ಎಂದು ಅಭಿಮಾನದಿಂದ ಬರೆದ ಪುಸ್ತಕ, ಅಭಿಮಾನ ಎಷ್ಟೇ ನಿಜವಿರಲಿ, ಕಲ್ಲನ್ನು ಓದಿಲ್ಲ.

ದುರ್ಗ, ಅಂದರೆ ಚಿತ್ರದುರ್ಗ, ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಒಂದು ಕಡೆ ಮಾತ್ರ 1797 ಎಂದಿದ್ದು ಉಳಿದೆಡೆ ಸರಿಯಿದ್ದರೆ ಅಕ್ಷರ ಜೋಡಿಸುವಾಗ ಅಂಕಿ ಅದಲು ಬದಲಾಗಿದೆ, ಕ್ಷಮಿಸಬಹುದು. ಆದರೆ 1797 ಎಂದು ಬರೆದು, ಅದಕ್ಕೆ ಹೊಂದುವಂತೆ ಹೈದರನ ವಯಸ್ಸನ್ನೂ ದುರ್ಗದ ಪಾಳೆಯಗಾರ ಮದಕರಿ ನಾಯಕನ ಆಳ್ವಿಕೆಯ ಉದ್ದವನ್ನೂ ಎಳೆದಿದ್ದರೆ ಅದು ಬೇರೆ ಜಾತಿಯ ತಪ್ಪು. ಹೈದರ್ ತೀರಿಕೊಂಡದ್ದೇ 1782ರಲ್ಲಿ. ಒಂಟಿ ತಪ್ಪಿಗೆ ಒಂದು ಗುರುತು ಹಾಕಿ, ಸಂಸಾರ ಹೂಡಿದ ತಪ್ಪಿಗೆ ಮೂರು.

ಓಬವ್ವನ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಕಹಳೆಯವನ ಹೆಂಡತಿಯ ಕಥೆ ತಲೆಮಾರುಗಳಿಂದ ಜನರ ಬಾಯಲ್ಲಿ ಬಂದದ್ದು. ಅದನ್ನು ಹಾಗೆಂದೇ ಹೇಳಿ, ಸ್ಥಳವನ್ನು ತೋರಿಸಿ, ಯಾವ ಹೇಳಿಕೆಯಲ್ಲಿ ಏನು ವ್ಯತ್ಯಾಸವಿದೆ ಎಂದು ವಿವರಿಸುವ ಪುಸ್ತಕ ಅವಳಿಗೆ ಮರ್ಯಾದೆ ಮಾಡುತ್ತದೆ. ತಿಂಗಳು, ತಿಥಿ, ಸತ್ತ ಸೈನಿಕರ ಎಣಿಕೆ, ಅವಳು ಗಂಡನಿಗೆ ಹೇಳಿದ ಮಾತು ಎಲ್ಲವನ್ನೂ ಕಣ್ಣಾರೆ ಕಂಡಂತೆ ಬರೆದ ಪುಸ್ತಕಕ್ಕೆ ಒಂದೇ ಪ್ರಶ್ನೆ ಹಾಕಿ: ಆ ದಿನ ಇದನ್ನು ಬರೆದಿಟ್ಟವರು ಯಾರು? ಉತ್ತರ ಇಲ್ಲದಿದ್ದರೆ ಆ ವಿವರ ಲೇಖಕರ ಮೇಜಿನ ಮೇಲೆ ಹುಟ್ಟಿದೆ.

ದುರ್ಗದ ಪುಸ್ತಕಗಳಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಕಾಯಿಲೆ ಇದೆ. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ದೊಡ್ಡ ಕಾದಂಬರಿ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅದರೊಳಗಿನ ಸಂಭಾಷಣೆ, ಮನಸ್ಸಿನ ತುಮುಲ ಕಾದಂಬರಿಕಾರರ ಸೃಷ್ಟಿ. ಅವರು ಅದನ್ನು ಕಾದಂಬರಿ ಎಂದೇ ಕರೆದರು. ಕಾದಂಬರಿಯಿಂದ ಮಾತುಗಳನ್ನು ಎತ್ತಿ, ಹೆಸರು ಹೇಳದೆ, ‘ಮದಕರಿ ನಾಯಕನು ಹೀಗೆ ಗುಡುಗಿದನು’ ಎಂದು ಇತಿಹಾಸದ ಅಧ್ಯಾಯಕ್ಕೆ ಇಳಿಸುವವರು ಕಾದಂಬರಿಗೂ ಇತಿಹಾಸಕ್ಕೂ ಒಟ್ಟಿಗೆ ಅನ್ಯಾಯ ಮಾಡುತ್ತಾರೆ. ಇತಿಹಾಸದ ಪುಸ್ತಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಯಾರಾದರೂ ಮಾತಾಡುತ್ತಿದ್ದರೆ, ಆ ಮಾತು ಯಾವ ಕಾಗದದಿಂದ ಬಂತು ಎಂದು ಕೆಳಗೆ ನೋಡುವ ರೂಢಿ ಮಾಡಿಕೊಳ್ಳಿ.

‘ಏಷ್ಯಾದಲ್ಲೇ ಎರಡನೆಯದು’, ‘ಜಗತ್ತಿನಲ್ಲೇ ಮೊದಲನೆಯದು’ ಎಂಬ ಮಾತುಗಳನ್ನೂ ಇದೇ ಹಂತದಲ್ಲಿ ಎಣಿಸಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಈ ಬಿರುದು ಸಿಗದ ಪ್ರವಾಸಿ ಪುಸ್ತಕ ಅಪರೂಪ. ಅಳತೆ ಯಾವುದು? ನೀರು ನಿಲ್ಲುವ ವಿಸ್ತೀರ್ಣವೋ, ಸುತ್ತಳತೆಯೋ, ಅಚ್ಚುಕಟ್ಟೋ, ಕಟ್ಟಿದ ಕಾಲವೋ? ಮೊದಲನೆಯದು ಯಾವುದು? ಈ ಎರಡು ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ ಆ ವಾಕ್ಯ ಇದ್ದೂ ಇಲ್ಲದಂತೆ. ಬಿರುದಿಲ್ಲದೆಯೂ ಆ ಕೆರೆ ದೊಡ್ಡದೇ.

3. ಎರಡು ಆಧಾರಗಳ ಬೆನ್ನು ಹತ್ತುವುದು

ಪುಸ್ತಕದ ಕೊನೆಯಲ್ಲಿ ಆಧಾರ ಗ್ರಂಥಗಳ ಪಟ್ಟಿ ಇದ್ದ ಮಾತ್ರಕ್ಕೆ ತೃಪ್ತಿಪಡಬೇಡಿ; ಯಾವ ಮಾತಿಗೆ ಯಾವ ಆಧಾರ ಎಂದು ಹೇಳದ ಪಟ್ಟಿ ಗೋಡೆಗೆ ಹಚ್ಚಿದ ಬಣ್ಣ. ಪುಸ್ತಕದ ಮುಖ್ಯ ವಾದ ಯಾವುದರ ಮೇಲೆ ನಿಂತಿದೆಯೋ ಅಂಥ ಎರಡು ಅಡಿಟಿಪ್ಪಣಿಗಳನ್ನು ಆರಿಸಿ. ಹತ್ತು ಬೇಡ, ಎರಡು ಸಾಕು. ಆದರೆ ಕೊನೆಯವರೆಗೂ ಹೋಗಿ.

ಶಾಸನ ಉಲ್ಲೇಖಿಸಿದ್ದರೆ ಕೆಲಸ ಸುಲಭ. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ ಅಂದಿನ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ, ಹರಿಹರ, ಜಗಳೂರಿನ ಶಾಸನಗಳೂ ಅದರಲ್ಲೇ ಇವೆ. ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ, ಇಷ್ಟು ಇದ್ದರೆ ಯಾರು ಬೇಕಾದರೂ ತೆರೆದು ನೋಡಬಹುದು. ಸ್ಕ್ಯಾನ್ ಮಾಡಿದ ಪ್ರತಿ ಅಂತರ್ಜಾಲದಲ್ಲೂ ಸಿಗುತ್ತದೆ. ‘ಒಂದು ಶಾಸನದ ಪ್ರಕಾರ’ ಎಂದಷ್ಟೇ ಬರೆದು ಮುಂದೆ ಹೋಗುವ ಲೇಖಕ ಓದುಗನ ಕಾಲಿಗೆ ಮುಳ್ಳು ಹಾಕಿದಂತೆ. ಇಲ್ಲಿ ಬೇಗ ಗೊತ್ತಾಗುವ ಇನ್ನೊಂದು ಮೋಸ: ಶಾಸನ ‘ಕೆರೆಗೆ ದತ್ತಿ ಬಿಟ್ಟರು’ ಎಂದಷ್ಟೇ ಹೇಳಿರುತ್ತದೆ, ಪುಸ್ತಕ ‘ಕೆರೆ ಕಟ್ಟಿಸಿದರು’ ಎಂದಿರುತ್ತದೆ.

ಆಧಾರ ಇದೆ ಎಂದು ಹೇಳಿ, ಅದು ಇರಲು ಸಾಧ್ಯವೇ ಇಲ್ಲದ ಪ್ರಸಂಗಗಳೂ ಉಂಟು. ಅಮೆರಿಕದ ಇತಿಹಾಸಕಾರ ಮೈಕೆಲ್ ಬೆಲಿಸೈಲ್ಸ್ 2000ದಲ್ಲಿ ಅಲ್ಲಿನ ಬಂದೂಕುಗಳ ಚರಿತ್ರೆ ಬರೆದರು. ದೊಡ್ಡ ಪುಸ್ತಕ, ತುಂಬಾ ಅಡಿಟಿಪ್ಪಣಿ, ಬ್ಯಾನ್‌ಕ್ರಾಫ್ಟ್ ಪ್ರಶಸ್ತಿಯೂ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಆಸ್ತಿ ದಾಖಲೆಗಳನ್ನು ನೋಡಿದ್ದೇನೆ ಎಂದು ಅವರು ಹೇಳಿದ್ದರು. ಆ ದಾಖಲೆಗಳು 1906ರ ಭೂಕಂಪ ಮತ್ತು ಬೆಂಕಿಯಲ್ಲೇ ನಾಶವಾಗಿದ್ದವು. ಯಾರೋ ಆಧಾರದ ಬೆನ್ನು ಹತ್ತಿ ಹೋದದ್ದರಿಂದ ಅದು ಹೊರಬಂತು. 2002ರಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಅಡಿಟಿಪ್ಪಣಿ ಎಷ್ಟಿವೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ತೆರೆದಾಗ ಬಾಗಿಲ ಆಚೆ ಮನೆ ಇದೆಯೇ ಎಂಬುದು ಬರುತ್ತದೆ.

ನಮ್ಮ ಕಡೆ ಹೆಚ್ಚು ಕಾಣುವುದು ‘ಮನೆತನದ ಅಟ್ಟದಲ್ಲಿ ಸಿಕ್ಕ ಕಡತ’, ‘ಹಿರಿಯರೊಬ್ಬರ ಬಳಿಯ ತಾಳೆಗರಿ’. ನಿಜವಾದ ಕಡತಗಳು, ಬಖೈರು, ಕೈಫಿಯತ್ತು ಎಂಬ ಹಳೆಯ ವೃತ್ತಾಂತಗಳು ದುರ್ಗದ ಇತಿಹಾಸಕ್ಕೆ ಬಹಳ ಕೊಟ್ಟಿವೆ. ಆದ್ದರಿಂದಲೇ ಸುಳ್ಳು ಕಡತಕ್ಕೆ ಬೆಲೆ ಬರುತ್ತದೆ. ಕೇಳಬೇಕಾದ್ದು ನಾಲ್ಕು: ಈಗ ಅದು ಯಾರ ಬಳಿ ಇದೆ, ಒಂದು ಪುಟದ ಚಿತ್ರವಾದರೂ ಪುಸ್ತಕದಲ್ಲಿದೆಯೇ, ಲೇಖಕರಲ್ಲದೆ ಇನ್ನೊಬ್ಬರು ಓದಿದ್ದಾರೆಯೇ, ಲಿಪಿ ಮತ್ತು ಭಾಷೆ ಹೇಳಿದ ಕಾಲಕ್ಕೆ ಒಪ್ಪುತ್ತವೆಯೇ. 1983ರಲ್ಲಿ ಜರ್ಮನಿಯ ವಾರಪತ್ರಿಕೆಯೊಂದು ಹಿಟ್ಲರನ ಡೈರಿಗಳೆಂದು ಅಪಾರ ಹಣ ಕೊಟ್ಟು ಕೊಂಡದ್ದು ಕಾಗದದಲ್ಲೇ ಸಿಕ್ಕಿಬಿತ್ತು. ಅದರಲ್ಲಿದ್ದ ಬಿಳುಪುಗೊಳಿಸುವ ರಾಸಾಯನಿಕ ಬಳಕೆಗೆ ಬಂದದ್ದೇ ಹಿಟ್ಲರ್ ಸತ್ತ ಮೇಲೆ.

ಕರ್ನಾಟಕದಲ್ಲೇ ಹುಟ್ಟಿದ ಉದಾಹರಣೆ ‘ವೈಮಾನಿಕ ಶಾಸ್ತ್ರ’. ಭರದ್ವಾಜರ ಪ್ರಾಚೀನ ವಿಮಾನ ವಿದ್ಯೆ ಎಂದು ಹೆಸರಾದ ಈ ಪಠ್ಯವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಅದನ್ನು ಕೈಗೆತ್ತಿಕೊಂಡ ರೀತಿ ನಮಗೆಲ್ಲ ಪಾಠ. ಅವರು ಎರಡು ಕಡೆಯಿಂದ ನೋಡಿದರು. ಶ್ಲೋಕಗಳ ಭಾಷೆ ವೈದಿಕವೂ ಅಲ್ಲ, ಅಷ್ಟು ಹಳೆಯದೂ ಅಲ್ಲ. ಚಿತ್ರಗಳಲ್ಲಿರುವ ಯಂತ್ರಗಳನ್ನು ಹಾರಾಟದ ಲೆಕ್ಕಕ್ಕೆ ಇಟ್ಟರೆ ಒಂದೂ ಮೇಲೇಳುವುದಿಲ್ಲ. ಇಷ್ಟಾದರೂ ಇದನ್ನು ಪ್ರಶ್ನೆಯಿಲ್ಲದೆ ಉಲ್ಲೇಖಿಸುವ ಪುಸ್ತಕ ಕಂಡರೆ, ಅದರ ಉಳಿದ ವಿಜ್ಞಾನದ ಮಾತುಗಳನ್ನೂ ಬೇರೆ ಕಡೆ ನೋಡದೆ ಒಪ್ಪಬೇಡಿ. ದೆಹಲಿಯ ಕಬ್ಬಿಣದ ಕಂಬವನ್ನು ‘ವಿವರಿಸಲಾಗದ ಲೋಹ’ ಎಂದು ಬರೆಯುವ ಪುಸ್ತಕಗಳದ್ದೂ ಇದೇ ಕಥೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೇಲ್ಮೈಯಲ್ಲಿ ಕಾಪಾಡುವ ತೆಳು ಪದರ ಕಟ್ಟಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟಿದ್ದಾರೆ. ನಮ್ಮ ಕಮ್ಮಾರರ ಕೈಚಳಕವನ್ನು ನಿಗೂಢ ಎಂದು ಕರೆದು ಅವರಿಂದ ಕಿತ್ತುಕೊಳ್ಳುವ ಬರವಣಿಗೆ ಅದು.

4. ದೊಡ್ಡವರ ಬಾಯಿಗೆ ತುರುಕಿದ ಮಾತು

ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಈ ಹಂತವೊಂದೇ ಸಾಕಾಗುತ್ತದೆ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟುಕೊಂಡ 3 ಶೇಕಡ ವಿದ್ಯಾರ್ಥಿಗಳು ಉಳಿದವರೆಲ್ಲರಿಗಿಂತ ಹೆಚ್ಚು ಗಳಿಸಿದರು ಎಂಬ ಕಥೆ ಇದೆಯೇ? ಅಂಥ ಅಧ್ಯಯನ ನಡೆದೇ ಇಲ್ಲ. ‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂದಿದೆಯೇ? ಅದು 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳನ್ನು ನೋಡಿ ಬರೆದ ಮಾತು ಬೆಳೆದು ಬಂದದ್ದು. ಲಂಡನ್ನಿನಲ್ಲಿ ಅಳೆದು ನೋಡಿದಾಗ ಸರಾಸರಿ 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನ ಬಂತು. ಮನುಷ್ಯ ಮಿದುಳಿನ 10 ಶೇಕಡ ಮಾತ್ರ ಬಳಸುತ್ತಾನೆ ಎಂಬುದಂತೂ ಶುದ್ಧ ಸುಳ್ಳು. ಈ ಮೂರರಲ್ಲಿ ಎರಡು ಸಿಕ್ಕರೆ ಪುಸ್ತಕ ಮುಚ್ಚಬಹುದು.

ಬ್ರಿಟಿಷ್ ಆಡಳಿತಗಾರ ಮೆಕಾಲೆಯ ‘ಭಾಷಣ’ವನ್ನೂ ನೋಡಿ. ‘ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲ’ ಎಂದು 1835ರ ಫೆಬ್ರುವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನೆಂದು ಕನ್ನಡದ ಹಲವು ಪುಸ್ತಕಗಳಲ್ಲಿ ಅಚ್ಚಾಗಿದೆ. ಆ ದಿನ ಅವನು ಇದ್ದದ್ದು ಭಾರತದಲ್ಲಿ. ಶಿಕ್ಷಣದ ಬಗೆಗಿನ ಅವನ ಟಿಪ್ಪಣಿಯ ದಿನಾಂಕ ಅದು. ಮೆಕಾಲೆಯನ್ನು ವಿರೋಧಿಸಲು ಆ ನಿಜವಾದ ಟಿಪ್ಪಣಿಯಲ್ಲೇ ಬೇಕಾದಷ್ಟಿದೆ, ಸುಳ್ಳು ಭಾಷಣ ಬೇಕಿಲ್ಲ.

ವಚನಗಳನ್ನು ಉಲ್ಲೇಖಿಸಿದ್ದರೆ ಅಂಕಿತ ನೋಡಿ. ಕೂಡಲಸಂಗಮದೇವ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಅಕ್ಕನದು, ಗುಹೇಶ್ವರ ಅಲ್ಲಮನದು. ಅಂಕಿತವೇ ಇಲ್ಲದೆ ‘ಬಸವಣ್ಣ ಹೇಳಿದಂತೆ’ ಎಂದು ಬರುವ ಸಾಲನ್ನು ಸಮಗ್ರ ವಚನ ಸಂಪುಟದ ಅಕಾರಾದಿಯಲ್ಲಿ ಹುಡುಕಿ. ಸಿಗದಿದ್ದರೆ ಅದು ಕ್ಯಾಲೆಂಡರಿನಿಂದ ಬಂದಿರಬಹುದು.

5. ಅಳತೆ, ಪ್ರಮಾಣ, ಎಚ್ಚರಿಕೆ

ಕೃಷಿ, ಆರೋಗ್ಯದ ಪುಸ್ತಕಗಳಲ್ಲಿ ಇದೇ ಪ್ರಾಣ. ಅಂಕಿ ಇರುವ ಒಂದು ಶಿಫಾರಸು ಆರಿಸಿ ಪೂರ್ತಿ ಲೆಕ್ಕ ಮಾಡಿ.

ಮೆಕ್ಕೆಜೋಳದ ಪುಟದಲ್ಲಿ ‘ಎಕರೆಗೆ 100 ಕೆಜಿ ಸಾರಜನಕ’ ಎಂದಿದೆ ಅನ್ನೋಣ. ಶಿಫಾರಸುಗಳು ಸಾಮಾನ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿರುತ್ತವೆ, ಒಂದು ಹೆಕ್ಟೇರಿಗೆ 2.47 ಎಕರೆ. ಹೆಕ್ಟೇರಿಗೆ 100 ಕೆಜಿ ಎಂದರೆ ಎಕರೆಗೆ ಸುಮಾರು 40. ಯೂರಿಯಾದಲ್ಲಿ ಸಾರಜನಕ 46 ಶೇಕಡ, ಹಾಗಾಗಿ 40 ಕೆಜಿ ಸಾರಜನಕಕ್ಕೆ 87 ಕೆಜಿ ಯೂರಿಯಾ, ಅಂದರೆ 45 ಕೆಜಿಯ ಎರಡು ಚೀಲಕ್ಕೆ ಚೂರು ಕಡಿಮೆ. ಪುಸ್ತಕ ಹೆಕ್ಟೇರನ್ನು ಎಕರೆ ಎಂದು ಬರೆದಿದ್ದರೆ ನಂಬಿದ ರೈತ ಸುಮಾರು ಐದು ಚೀಲ ಸುರಿಯುತ್ತಾನೆ. ಸಾರಜನಕವನ್ನೇ ಯೂರಿಯಾ ಎಂದು ತಿಳಿಯುವಂತೆ ಬರೆದಿದ್ದರೆ ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಹಾಕುತ್ತಾನೆ. ಎರಡೂ ತಪ್ಪು ಒಂದೇ ಪುಟದಲ್ಲಿ ಇರುವುದೂ ಉಂಟು.

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಪುಟ ತೆರೆಯಲಿ. 1 ಶೇಕಡ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಒಳ್ಳೆಯ ಪುಸ್ತಕ ಇಷ್ಟಕ್ಕೆ ನಿಲ್ಲುವುದಿಲ್ಲ: ಹೊಳಪಿರುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯಿರಿ, ಕೆಂಪಗೆ ತಾಮ್ರ ಅಂಟಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ, ಇಲ್ಲವಾದರೆ ಎಲೆ, ಕಾಯಿ ಸುಡುತ್ತದೆ, ಮಾಡಿದ ದಿನವೇ ಸಿಂಪಡಿಸಿ ಎಂದೂ ಹೇಳುತ್ತದೆ. ಕೆಟ್ಟ ಪುಸ್ತಕ ‘ಬೋರ್ಡೋ ದ್ರಾವಣ ಸಿಂಪಡಿಸಬೇಕು’ ಎಂದು ಒಂದು ಸಾಲು ಬರೆದು, ಉಳಿದ ಪುಟವನ್ನು ಅಡಿಕೆಯ ಮಹತ್ವಕ್ಕೆ ಮೀಸಲಿಡುತ್ತದೆ. ಏನು ತಪ್ಪಬಹುದು, ತಪ್ಪಿದ್ದು ಹೇಗೆ ಗೊತ್ತಾಗುತ್ತದೆ ಎಂದು ಬರೆಯದವರು ಆ ಕೆಲಸವನ್ನು ಹತ್ತಿರದಿಂದ ನೋಡಿಲ್ಲ. ಸಂಶಯ ಬಂದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನಲ್ಲೋ ಪುಟ ತೋರಿಸಿ ಕೇಳಿ.

ಆರೋಗ್ಯದ ಪುಸ್ತಕಕ್ಕೆ ನಮ್ಮ ನೆಲದ ಪರೀಕ್ಷೆ ನೀರಿನದು. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ‘ನೀರನ್ನು ಕುದಿಸಿದರೆ ಎಲ್ಲ ದೋಷ ಹೋಗುತ್ತದೆ’ ಎಂದು ಬರೆದ ಪುಸ್ತಕ ಇಲ್ಲಿ ಅಪಾಯಕಾರಿ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ.

‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂಬ ಶೀರ್ಷಿಕೆ ಇದ್ದರೆ ಹಿಂಬದಿಯ ಪುಟದಲ್ಲಿ ಪುಡಿಯದೋ ಎಣ್ಣೆಯದೋ ಜಾಹೀರಾತು, ಫೋನ್ ಸಂಖ್ಯೆ ಇದೆಯೇ ನೋಡಿ. 54 ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ, ಮಧುಮೇಹ ಆ ಪಟ್ಟಿಯಲ್ಲಿದೆ. ವೈದ್ಯರು ಕೊಟ್ಟ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಿ ಎಂದು ಒಂದು ಕಡೆ ಬರೆದಿದ್ದರೂ ಆ ಪುಸ್ತಕ ಗ್ರಂಥಾಲಯದ ಕಪಾಟಿಗೆ ಹೋಗಬಾರದು. ಉಳಿದ ಎಲ್ಲ ಹಂತದಲ್ಲಿ ಪಾಸಾಗಿದ್ದರೂ ಸರಿ.

ಅನುವಾದಗಳಲ್ಲಿ ಅಂಕಿ ನೋಡುವುದು ಸುಲಭ. ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಭೂಮಿಗೆ 450 ಕೋಟಿ ವರ್ಷ ಎನ್ನುವ ಬದಲು 45 ಕೋಟಿ ಎಂದಿದ್ದರೆ ಅನುವಾದಕರು ಸೊನ್ನೆ ಎಣಿಸಿಲ್ಲ.

6. ಹಾರ ಹಾಕುವ ಪುಸ್ತಕ

ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥ, ಕುಟುಂಬದವರು ಮಾಡಿಸಿದ ಜೀವನಚರಿತ್ರೆ. ಇವುಗಳಲ್ಲೂ ಊರಿನ ಗಿರಣಿ, ಮಠ, ಶಾಲೆ, ಸಹಕಾರ ಸಂಘಗಳ ಬಗ್ಗೆ ಬೇರೆಲ್ಲೂ ಸಿಗದ ಮಾಹಿತಿ ಅಡಗಿರುತ್ತದೆ, ಹಾಗಾಗಿ ಪೂರ್ತಿ ಎಸೆಯಬೇಡಿ. ಶುಭ ಸಂದೇಶಗಳು, ಬಣ್ಣದ ಚಿತ್ರಗಳನ್ನು ಬಿಟ್ಟು ಎಣಿಸಿ. 16 ಪುಟದ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಓದಿ, ಅದರಲ್ಲಿ ಇಸವಿ ಎಷ್ಟು, ಊರಿನ ಹೆಸರೆಷ್ಟು, ಹಣದ ಮೊತ್ತವೆಷ್ಟು ಎಂದು ಗೀಟು ಹಾಕಿ. ಹತ್ತಕ್ಕಿಂತ ಕಡಿಮೆ ಬಂದರೆ ಹೊಗಳಿಕೆ ಮಾತ್ರ ಇದೆ ಎಂದರ್ಥ. ಆ ವ್ಯಕ್ತಿ ಸೋತದ್ದು, ತಪ್ಪು ಮಾಡಿದ್ದು, ಅವರನ್ನು ವಿರೋಧಿಸಿದವರ ಹೆಸರು ಒಂದಾದರೂ ಇದ್ದರೆ ಬರೆದವರಿಗೆ ಧೈರ್ಯವಿತ್ತು. ಅಂಥ ಪುಸ್ತಕವನ್ನು ಜೋಪಾನ ಮಾಡಿ.

7. ಚೀಟಿ ಇಡುವುದು

ತಪ್ಪು ಸಿಕ್ಕ ಪುಸ್ತಕವನ್ನು ಹರಿಯುವುದು, ತೂಕಕ್ಕೆ ಹಾಕುವುದು ಕೊನೆಯ ಮಾತು. ಮಾತ್ರೆ ಬಿಡಿಸುವ, ವಿಷದ ಪ್ರಮಾಣ ತಪ್ಪಾಗಿ ಹೇಳುವ ಪುಸ್ತಕವನ್ನು ಮಾತ್ರ ಕೂಡಲೇ ಓದುಗರ ಕೈಗೆ ಸಿಗದಂತೆ ತೆಗೆದಿಡಿ. ಉಳಿದವಕ್ಕೆ ಒಳರಕ್ಷಾಪುಟದಲ್ಲಿ ಚೀಟಿ ಇಡಿ. ಗೋಂದು ಬೇಡ, ಹುಳು ಬರಬಹುದು; ಚೀಟಿಯನ್ನು ಹೊಲಿಗೆಯ ಸಂದಿಗೆ ಸೇರಿಸಿದರೆ ಸಾಕು. ಚೀಟಿಯಲ್ಲಿ ಪುಟ ಸಂಖ್ಯೆ, ತಪ್ಪು ವಾಕ್ಯ, ಸರಿಯಾದದ್ದು, ಅದು ಎಲ್ಲಿ ಸಿಕ್ಕಿತು, ಚೀಟಿ ಬರೆದ ದಿನ, ಇಷ್ಟಿರಲಿ. ‘ಈ ಪುಸ್ತಕ ಸರಿ ಇಲ್ಲ’ ಎಂದಷ್ಟೇ ಬರೆದರೆ ನೀವೂ ಆಧಾರವಿಲ್ಲದೆ ಮಾತಾಡಿದಂತಾಗುತ್ತದೆ.

ಅದೇ ಚೀಟಿಯ ನಕಲನ್ನು ಪ್ರಕಾಶಕರ ವಿಳಾಸಕ್ಕೆ ಕಳಿಸಿ. ಮೊದಲ ಹಂತದಲ್ಲಿ ವಿಳಾಸ ಇದೆಯೇ ಎಂದು ನೋಡಲು ಹೇಳಿದ್ದು ಇದಕ್ಕೂ ಸೇರಿಯೇ. ಹೀಗೆ ಬರೆಯಬಹುದು: ‘ಪುಟ 62, ಸಾಲು 9. ಮಾರಿಕಣಿವೆ ಅಣೆಕಟ್ಟು 1907ರ ಹೊತ್ತಿಗೆ ಮುಗಿದಿತ್ತು. ವಿಶ್ವೇಶ್ವರಯ್ಯನವರು ಮೈಸೂರು ಸೇವೆಗೆ ಬಂದದ್ದು 1909ರಲ್ಲಿ. ಮುಂದಿನ ಮುದ್ರಣದಲ್ಲಿ ದಯವಿಟ್ಟು ತಿದ್ದಿ. ಜೋಡಿಸಿದ್ದು: ಗ್ಯಾಸೆಟಿಯರ್‌ನ ಸಂಬಂಧಪಟ್ಟ ಪುಟದ ನೆರಳಚ್ಚು.’ ಮುಂದಿನ ಮುದ್ರಣ ಬಂದಾಗ ಮೊದಲು ಪುಟ 62 ತೆರೆಯಿರಿ.